ಎರಡನೆಯ ಕರಡು

ಅಕ್ಟೋಬರ್ ಕೊನೆಗೆ ಇಂಗ್ಲೆಂಡಿನ ಶಾಲೆಗಳಿಗೆ ಒಂದು ವಾರ ಹಾಫ್ ಟರ್ಮ್ ರಜೆ. ರಜೆ ಮಕ್ಕಳಿಗೆ ಮಾತ್ರ. ಮೇಷ್ಟರುಗಳು ಕಾಗದದ ಕಟ್ಟು ಹೊತ್ತು ಮನೆಗೆ ಬರುತ್ತಾರೆ. ಲೆಸ್ಟರ್ ನಗರದ ಸರ್ಕಾರಿ ಶಾಲೆಯೊಂದರಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುವ ಮೈಸೂರಿನ ಹೆಣ್ಣುಮಗಳೊಬ್ಬಳು ಊಟದ ಮೇಜಿನ ತುಂಬ ಎ-ಲೆವೆಲ್ ವಿದ್ಯಾರ್ಥಿಗಳ ಪ್ರಬಂಧದ ಕರಡುಗಳನ್ನು ಹರಡಿಕೊಂಡು ಕೂತಿದ್ದಳು. ಎ-ಲೆವೆಲ್ ಎಂದರೆ ಹೆಚ್ಚುಕಡಿಮೆ ನಮ್ಮ ಪಿಯುಸಿ. ಹದಿನೆಂಟರ ಸುಮಾರಿಗೆ ಮುಗಿಯುವ ಎರಡು ವರ್ಷದ ಓದು. ಎದುರಿಗೆ ಅವಳ ಸೋದರಮಾವ. ಮೈಸೂರಿನ ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು, ಬರೆದ ಕಾಗದ ಕಂಡರೆ ಕೈ ಸುಮ್ಮನಿರದವರು. ಅವರು ಆಗಲೇ ಜೇಬಿನಿಂದ ಕೆಂಪು ಪೆನ್ನು ತೆಗೆದಿದ್ದರು.

"ಐದಾರು ಈ ಕಡೆ ತಳ್ಳೇ. ಸಂಜೆಯೊಳಗೆ ತಿದ್ದಿ ಕೊಡ್ತೀನಿ."

"ಅಯ್ಯೋ, ಮುಟ್ಟಬೇಡಿ ಮಾವ. ನಾನೇ ತಿದ್ದೋ ಹಾಗಿಲ್ಲ, ಇನ್ನು ನೀವು!"

ಮೇಷ್ಟರಾದವಳು ತಿದ್ದಬಾರದು ಎಂದರೆ ಮತ್ತೇನು ಮಾಡಬೇಕು ಎಂಬಂತೆ ಅವರು ಕನ್ನಡಕದ ಮೇಲಿನಿಂದ ನೋಡಿದರು. ಅವಳು ನಿಯಮ ಬಿಡಿಸಿ ಹೇಳಿದಳು. ಇದು ಕೋರ್ಸ್‌ವರ್ಕ್. ಕಚೇರಿಯ ಕಾಗದಗಳಲ್ಲಿ ಈಗ ಇದಕ್ಕೆ ನಾನ್-ಎಕ್ಸಾಮ್ ಅಸೆಸ್‌ಮೆಂಟ್ ಎಂದು ಹೆಸರು, ಸ್ಟಾಫ್ ರೂಮಿನಲ್ಲಿ ಬರೀ ಎನ್‌ಇಎ. ಅವಳ ಶಾಲೆ ಅನುಸರಿಸುವ ಎಕ್ಯೂಎ ಮಂಡಳಿಯ ಸಿಲಬಸ್ಸಿನಲ್ಲಿ ಇಬ್ಬರು ಬೇರೆ ಬೇರೆ ಲೇಖಕರ ಎರಡು ಕೃತಿಗಳನ್ನು ಹೋಲಿಸಿ 2,500 ಪದ ಬರೆಯಬೇಕು. ಎರಡರಲ್ಲಿ ಒಂದಾದರೂ 1900ಕ್ಕಿಂತ ಹಿಂದಿನದಾಗಿರಬೇಕು. ಎ-ಲೆವೆಲ್ ಅಂಕಗಳಲ್ಲಿ ಇದರ ಪಾಲು ನೂರಕ್ಕೆ 20.

"ಕರಡು ಓದಿ ಸಾಮಾನ್ಯ ಸಲಹೆ ಕೊಡಬಹುದು. 'ನಿನ್ನ ವಾದ ನಡುವೆ ದಾರಿ ತಪ್ಪಿದೆ' ಅನ್ನಬಹುದು. 'ಮೂರನೇ ಪ್ಯಾರಾದ ಈ ವಾಕ್ಯ ತೆಗೆದು ಇದನ್ನ ಬರಿ' ಅನ್ನೋ ಹಾಗಿಲ್ಲ. ಅಷ್ಟು ಸಹಾಯ ಮಾಡಿದ್ರೆ ಅದನ್ನ ದಾಖಲೆ ಮಾಡಬೇಕು, ಅಂಕ ಕೊಡುವಾಗ ಲೆಕ್ಕಕ್ಕೆ ತಗೋಬೇಕು."

"ಅಂಕ ಯಾರು ಕೊಡೋದು?"

"ನಾನೇ. ಆಮೇಲೆ ನಮ್ಮ ವಿಭಾಗದವರೆಲ್ಲ ಕೂತು, ಒಬ್ಬರು ಬಿಗಿ ಒಬ್ಬರು ಸಡಿಲ ಆಗದ ಹಾಗೆ ಸರಿತೂಗಿಸ್ತೀವಿ. ಅದಾದ ಮೇಲೆ ಮಂಡಳಿ ಕೇಳಿದಷ್ಟು ಮಾದರಿಗಳು ಹೊರಗಿನ ಮಾಡರೇಟರ್ ಹತ್ರ ಹೋಗ್ತವೆ. ನಾವು ಧಾರಾಳ ಮಾಡಿದೀವಿ ಅಂತ ಅವರಿಗೆ ಅನಿಸಿದ್ರೆ ಶಾಲೆಯವರೆಲ್ಲರ ಅಂಕವೂ ಇಳೀತದೆ."

ಮಾವ ನಕ್ಕರು. "ನಮ್ಮ ಎಸ್ಸೆಸ್ಸೆಲ್ಸಿಯಲ್ಲೂ ಇಂಗ್ಲಿಷಿಗೆ 80 ಲಿಖಿತ, 20 ಆಂತರಿಕ. ಆ ಇಪ್ಪತ್ತರಲ್ಲಿ ಹದಿನೆಂಟಕ್ಕಿಂತ ಕಡಿಮೆ ತಗೊಂಡವನನ್ನ ನಾನಂತೂ ನೋಡಿಲ್ಲ. ಪ್ರಾಜೆಕ್ಟು ಅಂತ ಮಗ ಏನೋ ಶುರು ಮಾಡ್ತಾನೆ, ಅಕ್ಕ ಮುಗಿಸ್ತಾಳೆ, ಮೂಲೆ ಅಂಗಡಿಯವನು ಚಿತ್ರ ಪ್ರಿಂಟು ಹಾಕಿ ಕೊಡ್ತಾನೆ. ಅದಕ್ಕೆ ಅಂಕ!"

ಅವರ ತಕರಾರು ತಮಾಷೆಯಲ್ಲಿ ಮುಗಿಯುವಂಥದ್ದಲ್ಲ. ಪರೀಕ್ಷೆಯ ಬಗ್ಗೆ ಅವರಿಗೆ ಒಂದು ಬಗೆಯ ಋಣಭಾವ ಇದೆ. ಸೀಮೆಎಣ್ಣೆ ದೀಪದಲ್ಲಿ ಓದಿದವರು. ಮನೆಯಲ್ಲಿ ಪಂಚಾಂಗ ಬಿಟ್ಟರೆ ಬೇರೆ ಪುಸ್ತಕವಿರಲಿಲ್ಲ. ಮೂರು ಗಂಟೆ, ಒಂದು ಬೆಂಚು, ಪಕ್ಕದಲ್ಲಿ ಯಾರ ಅಪ್ಪನೂ ಇಲ್ಲ, ಉತ್ತರ ಪತ್ರಿಕೆಯ ಮೇಲೆ ಹೆಸರಿನ ಬದಲು ಒಂದು ಸಂಖ್ಯೆ. ತಮ್ಮಂಥವರನ್ನು ಮೇಲೆ ತಂದದ್ದು ಆ ಅನಾಮಿಕತೆ ಎಂದು ಅವರು ನಂಬಿದ್ದಾರೆ. "ಮನೆಗೆ ಕೊಟ್ಟ ಪ್ರಬಂಧದಲ್ಲಿ ಮನೆ ಕಾಣಿಸುತ್ತೆ ಕಣೇ. ಕಪಾಟು ತುಂಬ ಪುಸ್ತಕ ಇರೋ ಮನೇದು ಒಂದು ಥರ, ಇಲ್ಲದ ಮನೇದು ಇನ್ನೊಂದು ಥರ."

ಕೋರ್ಸ್‌ವರ್ಕಿನ ವಿರುದ್ಧ ಇರುವ ವಾದಗಳಲ್ಲೆಲ್ಲ ಗಟ್ಟಿಯಾದದ್ದು ಇದೇ. ಆ ದೇಶದಲ್ಲೂ ಅದು ಹೊಸದಲ್ಲ.

ಅಲ್ಲಿನ ಕಥೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದದ್ದು. ಚುರುಕಿನ ಮಕ್ಕಳಿಗೆ ಓ-ಲೆವೆಲ್, ಉಳಿದವರಿಗೆ ಸಿಎಸ್‌ಇ ಎಂದು ಇದ್ದ ಎರಡು ಪಂಕ್ತಿಯನ್ನು ತೆಗೆದು ಎಲ್ಲರಿಗೂ ಜಿಸಿಎಸ್‌ಇ ಎಂಬ ಒಂದೇ ಪರೀಕ್ಷೆ ಮಾಡಿದರು. 1986ರಲ್ಲಿ ಪಾಠ ಶುರು, 1988ರಲ್ಲಿ ಮೊದಲ ಫಲಿತಾಂಶ. ಹದಿನಾರರ ಮಕ್ಕಳು ಬರೆಯುವ ಈ ಪರೀಕ್ಷೆಗೆ ಪೂರ್ತಿ ಕೋರ್ಸ್‌ವರ್ಕಿನ ಇಂಗ್ಲಿಷ್ ಸಿಲಬಸ್ಸುಗಳೂ ಇದ್ದವು. ಪರೀಕ್ಷಾ ಕೊಠಡಿಯ ಮುಖವನ್ನೇ ನೋಡದೆ, ಎರಡು ವರ್ಷದ ಬರವಣಿಗೆಯ ಕಡತ ಒಪ್ಪಿಸಿದರೆ ಆಯಿತು. ಅನೇಕ ಇಂಗ್ಲಿಷ್ ಮೇಷ್ಟರುಗಳಿಗೆ ಅದು ಹಬ್ಬದ ಕಾಲ. 1991ರಲ್ಲಿ ಪ್ರಧಾನಿ ಜಾನ್ ಮೇಜರ್ ಇದಕ್ಕೆ ಕಡಿವಾಣ ಬೇಕು ಎಂದರು, ಪಾಲು ಇಳಿಯಿತು. ಇಂಟರ್ನೆಟ್ ಮನೆಮನೆಗೆ ಬಂದ ಮೇಲೆ ಅನುಮಾನವೂ ಮನೆಮನೆಗೆ ಬಂತು. 2010ರ ಹೊತ್ತಿಗೆ ಅದರ ಜಾಗದಲ್ಲಿ ಕಂಟ್ರೋಲ್ಡ್ ಅಸೆಸ್‌ಮೆಂಟ್ ಬಂದು ಕೂತಿತು: ಅದೇ ಪ್ರಬಂಧ, ಆದರೆ ತರಗತಿಯಲ್ಲೇ, ಮೇಷ್ಟರ ಕಣ್ಣೆದುರಿಗೇ ಬರೆಯಬೇಕು. ಮೈಕಲ್ ಗೋವ್ ಶಿಕ್ಷಣ ಮಂತ್ರಿಯಾಗಿ ಹಾಕಿಕೊಟ್ಟ ಹೊಸ ಜಿಸಿಎಸ್‌ಇ 2015ರಲ್ಲಿ ತರಗತಿಗೆ ಬಂದಾಗ ಅದೂ ಹೋಯಿತು. 2017ರಿಂದ ಇಂಗ್ಲಿಷ್ ಸಾಹಿತ್ಯ ಪೂರ್ತಿ ಪರೀಕ್ಷೆ. ಅದೂ ಪುಸ್ತಕ ಒಳಗೆ ಒಯ್ಯದೆ. ಎ-ಲೆವೆಲ್‌ನಲ್ಲಿ 40 ಇದ್ದ ಕೋರ್ಸ್‌ವರ್ಕಿನ ಪಾಲು ಅದೇ ಸುತ್ತಿನಲ್ಲಿ 20ಕ್ಕೆ ಬಂತು.

"ಅಂದ್ರೆ ಹತ್ತನೇ ಕ್ಲಾಸಿನ ಮಕ್ಕಳು ಕಂಠಪಾಠ ಮಾಡ್ತಾರೆ ಅನ್ನು!" ಮಾವನ ಮುಖ ಅರಳಿತು.

"ಮಾಡ್ತಾರೆ. 'ಮ್ಯಾಕ್‌ಬೆತ್'ನಿಂದ ಇಷ್ಟು ಸಾಲು, 'ಎ ಕ್ರಿಸ್ಮಸ್ ಕ್ಯಾರಲ್'ನಿಂದ ಇಷ್ಟು, 'ಆ್ಯನ್ ಇನ್‌ಸ್ಪೆಕ್ಟರ್ ಕಾಲ್ಸ್' ನಾಟಕದಿಂದ ಇಷ್ಟು. ಮೇಲೆ ಹದಿನೈದು ಪದ್ಯ. ಸಣ್ಣ ಸಣ್ಣ ಚೀಟಿ ಮಾಡ್ಕೊಂಡು ಬಸ್ಸಲ್ಲಿ ಉರು ಹೊಡೀತಾರೆ. ನಿಮಗೆ ಖುಷಿ ಆಗಬೇಕು."

"ಆಗ್ತಿದೆ."

"ಆಗಲಿ. ಆದ್ರೆ ಆ ಉತ್ತರ ಪತ್ರಿಕೆ ಓದಿದೀರಾ? ಹೇಳಿಕೆ, ಆಧಾರ, ವಿವರಣೆ ಅಂತ ಒಂದು ಪ್ಯಾರಾ ನಾವೇ ಹೇಳಿಕೊಡ್ತೀವಿ, ಪೀ ಪ್ಯಾರಾಗ್ರಾಫ್ ಅಂತ ಕರೀತೀವಿ. ನಲವತ್ತೈದು ಐವತ್ತು ನಿಮಿಷದಲ್ಲಿ ಒಂದು ಪ್ರಶ್ನೆ ಮುಗಿಸಬೇಕಾದಾಗ ಅದೇ ಕಾಪಾಡೋದು. ಆದ್ರೆ ಒರಳಿನಲ್ಲಿ ಒತ್ತಿದ ಚಕ್ಕುಲಿ ಥರ, ಇಡೀ ತರಗತಿಯದು ಒಂದೇ ಆಕಾರ. 'ಇಲ್ಲಿ ಲೇಖಕರು ಈ ರೂಪಕದ ಮೂಲಕ ತೋರಿಸುತ್ತಾರೆ' ಅಂತ ಮುವ್ವತ್ತು ಜನ ಮುವ್ವತ್ತು ಸಲ. ಯಾರಿಗೂ ಮನಸ್ಸು ಬದಲಾಯಿಸೋಕೆ ಪುರುಸೊತ್ತಿಲ್ಲ."

"ಪರೀಕ್ಷೇಲಿ ಮನಸ್ಸು ಯಾಕೆ ಬದಲಾಯಿಸಬೇಕು?"

"ಸಾಹಿತ್ಯ ಓದೋವಾಗ ಬದಲಾಗುತ್ತಲ್ಲ ಮಾವ."

ಅವಳ ಇಡೀ ನಿಲುವು ಆ ಒಂದು ಮಾತಿನಲ್ಲಿತ್ತು. ಕೋರ್ಸ್‌ವರ್ಕಿನಲ್ಲಿ ಅವಳು ಅಂಕ ಕೊಡುವುದು ಕೊನೆಯ ಪ್ರತಿಗೆ. ಆದರೆ ಅವಳು ಕಾಯುವುದು ಎರಡನೆಯ ಕರಡಿಗೆ. ಮೊದಲನೆಯದರಲ್ಲಿ ಹುಡುಗ ತನಗೆ ಮೊದಲೇ ಗೊತ್ತಿದ್ದದ್ದನ್ನು ಬರೆದಿರುತ್ತಾನೆ, ಇಲ್ಲವೇ ಯಾರ್ಕ್ ನೋಟ್ಸ್ ಗೈಡಿನಲ್ಲಿ ಇದ್ದದ್ದನ್ನು. ವಾರಗಟ್ಟಲೆ ಬಿಟ್ಟು ಮತ್ತೆ ಕೃತಿಗೆ ಹೋದಾಗ, ಬರೆದ ಪ್ರಬಂಧಕ್ಕೂ ಪುಸ್ತಕದಲ್ಲಿ ಇರುವುದಕ್ಕೂ ಹೊಂದಿಕೆಯಾಗದೆ ಒಂದು ಕಿರಿಕಿರಿ ಶುರುವಾಗುತ್ತದೆ. ಆ ಕಿರಿಕಿರಿಯನ್ನು ಅಳೆಯುವ ಪರೀಕ್ಷೆಯನ್ನು ಯಾರೂ ಮಾಡಿಲ್ಲ.

ಉದಾಹರಣೆ ಬೇಕು ಎಂದರು ಮಾವ. ಮೇಷ್ಟರ ಜಾತಿಯೇ ಹಾಗೆ. ಅವಳು ಒಂದು ಕರಡು ಎತ್ತಿಕೊಂಡಳು, ಹೆಸರಿನ ಮೇಲೆ ಬೆರಳಿಟ್ಟು.

"ಈ ಹುಡುಗಿಯ ಅಪ್ಪ ಲಾರಿ ಓಡಿಸ್ತಾರೆ. ನೀವು ಹೇಳೋ ಕಪಾಟು ಅವಳ ಮನೇಲಿಲ್ಲ. ಅವಳು ಆರಿಸಿಕೊಂಡಿರೋದು ಟೆನ್ನಿಸನ್‌ನ 'ಇನ್ ಮೆಮೋರಿಯಮ್', ಅದರ ಜೊತೆಗೆ ಯಾವುದು ಹೇಳಿ ನೋಡೋಣ?"

"ಹಾರ್ಡಿ ಇರಬೇಕು."

"'ದಿ ಇಂಗ್ಲಿಷ್ ಟೀಚರ್'. ನಿಮ್ಮ ಯಾದವಗಿರಿ ನಾರಾಯಣ್."

ಮಾವ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಆರ್.ಕೆ. ನಾರಾಯಣ್ ಎಂದರೆ ಅವರಿಗೆ ಊರಿನ ಮಾತು. ಕಾಲೇಜು ಸೇರುವ ಪರೀಕ್ಷೆಯಲ್ಲಿ ನಾರಾಯಣ್ ಫೇಲಾಗಿದ್ದು ಇಂಗ್ಲಿಷಿನಲ್ಲೇ ಎಂಬುದನ್ನು ಅವರು ಪ್ರತಿ ವರ್ಷ ಪಾಠದ ಮೊದಲ ದಿನ ಹೇಳುತ್ತಿದ್ದರು. ಓದು ನಿಂತ ಆ ವರ್ಷವೆಲ್ಲ ನಾರಾಯಣ್ ಕುಕ್ಕರಹಳ್ಳಿ ಕೆರೆಯ ಸುತ್ತ ಪುಸ್ತಕ ಹಿಡಿದು ಓಡಾಡಿದ್ದನ್ನೂ ಸೇರಿಸುತ್ತಿದ್ದರು. ಪರೀಕ್ಷೆಯನ್ನೇ ನಂಬಿದ ಮನುಷ್ಯ ಈ ಕಥೆಯನ್ನು ಇಷ್ಟು ಪ್ರೀತಿಯಿಂದ ಏಕೆ ಹೇಳುತ್ತಿದ್ದರೋ; ಸೊಸೆ ಅದನ್ನು ಕೆಣಕಲಿಲ್ಲ.

ತಮಾಷೆ ಇನ್ನೊಂದಿದೆ. 2015ರ ನಿಯಮದಂತೆ ಜಿಸಿಎಸ್‌ಇಯಲ್ಲಿ 1914ರ ನಂತರದ ಕಾದಂಬರಿ, ನಾಟಕಗಳು ಬ್ರಿಟಿಷ್ ದ್ವೀಪಗಳವೇ ಆಗಿರಬೇಕು. ಆವರೆಗೆ ತರಗತಿ ತುಂಬ ಓದಿಸುತ್ತಿದ್ದ ಸ್ಟೈನ್‌ಬೆಕ್‌ನ 'ಆಫ್ ಮೈಸ್ ಅಂಡ್ ಮೆನ್', ಹಾರ್ಪರ್ ಲೀಯ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಎರಡೂ ಪರೀಕ್ಷೆಯಿಂದ ಹೊರಬಿದ್ದು 2014ರಲ್ಲಿ ಪತ್ರಿಕೆಗಳಲ್ಲಿ ದೊಡ್ಡ ಗಲಾಟೆಯಾಗಿತ್ತು. ಗೋವ್ ತಾನು ಯಾವ ಪುಸ್ತಕವನ್ನೂ ನಿಷೇಧಿಸಿಲ್ಲ ಎಂದರು. ನಿಷೇಧವಲ್ಲ ನಿಜ, ಆದರೆ ಅಂಕ ಬಾರದ ಪುಸ್ತಕಕ್ಕೆ ಶಾಲೆಯ ವೇಳಾಪಟ್ಟಿಯಲ್ಲಿ ಜಾಗ ಎಲ್ಲಿಂದ ಬರಬೇಕು? ಆ ಲೆಕ್ಕದಲ್ಲಿ ನಾರಾಯಣ್ ಕೂಡ ಹೊರಗೇ, ಅವರ ಆ ಕಾದಂಬರಿ 1945ರಲ್ಲಿ ಅಚ್ಚಾದದ್ದು ಇಂಗ್ಲೆಂಡಿನಲ್ಲಿ ಆಗಿದ್ದರೂ. ಎರಡು ವರ್ಷ ಕಳೆದು ಎ-ಲೆವೆಲ್ ಕೋರ್ಸ್‌ವರ್ಕಿಗೆ ಬಂದಾಗ ಬಾಗಿಲು ಸ್ವಲ್ಪ ತೆರೆಯುತ್ತದೆ. ಅಲ್ಲಿ ಆಯ್ಕೆ ವಿದ್ಯಾರ್ಥಿಯದು.

"ಹಾಗಾದ್ರೆ ಅನಂತಮೂರ್ತಿ? 'ಸಂಸ್ಕಾರ' ರಾಮಾನುಜನ್ ಇಂಗ್ಲಿಷಿಗೆ ತಂದಿದಾರಲ್ಲ, 1976ರಲ್ಲೇ."

"ಅನುವಾದಕ್ಕೆ ಒಂದು ಷರತ್ತಿದೆ ಮಾವ. ಇಂಗ್ಲಿಷ್ ಸಾಹಿತ್ಯದ ಬೆಳವಣಿಗೆ ಮೇಲೆ ಗಣನೀಯ ಪ್ರಭಾವ ಬೀರಿದ ಕೃತಿ ಆಗಿರಬೇಕು. ಹೋಮರ್, ಇಬ್ಸೆನ್ ಆದ್ರೆ ಯಾರೂ ಪ್ರಶ್ನೆ ಕೇಳಲ್ಲ."

"ನೈಪಾಲ್ 'ಇಂಡಿಯಾ: ಎ ವೂಂಡೆಡ್ ಸಿವಿಲೈಸೇಶನ್'ನಲ್ಲಿ 'ಸಂಸ್ಕಾರ' ಹಿಡ್ಕೊಂಡು ಚರ್ಚೆ ಮಾಡಿದಾನಲ್ಲ! ಪ್ರಭಾವ ಅಂದ್ರೆ ಮತ್ತೇನು?"

"ಮಂಡಳಿಗೆ ಬರೆದು ಕೇಳಬೇಕಾಗುತ್ತೆ."

"ಕೇಳು."

ಅವಳು ಕೇಳುತ್ತಾಳೋ ಇಲ್ಲವೋ. ಈ ವಾದ ಮಂಡಳಿಯ ಮುಂದೆ ನಿಂತರೆ ಲೆಸ್ಟರ್‌ನ ಒಂದು ತರಗತಿಗೆ ಪ್ರಾಣೇಶಾಚಾರ್ಯರು ಬರುತ್ತಾರೆ. ಅದು ಬೇರೆ ಪ್ರಬಂಧದ ಸಂಗತಿ.

ಹುಡುಗಿಯ ಕರಡಿಗೆ ಮರಳಿದರು. ಎರಡೂ ಕೃತಿಗಳ ಹಿಂದೆ ನಿಜವಾದ ಸಾವು ಇದೆ. ಟೆನ್ನಿಸನ್‌ನ ಗೆಳೆಯ ಆರ್ಥರ್ ಹಾಲಮ್ 1833ರಲ್ಲಿ ವಿಯೆನ್ನಾದಲ್ಲಿ ಇಪ್ಪತ್ತೆರಡನೆಯ ವಯಸ್ಸಿಗೇ ತೀರಿಕೊಂಡ. ಕವಿತೆ ಹೊರಬಂದದ್ದು 1850ರಲ್ಲಿ. ನಾರಾಯಣ್ ಅವರ ಹೆಂಡತಿ ರಾಜಂ 1939ರಲ್ಲಿ ಟೈಫಾಯ್ಡಿಗೆ ತುತ್ತಾದರು. ಕಾದಂಬರಿಯಲ್ಲಿ ಕೃಷ್ಣನ ಹೆಂಡತಿ ಸುಶೀಲಳಿಗೂ ಅದೇ ಕಾಯಿಲೆ. ಎರಡರಲ್ಲೂ ಬದುಕುಳಿದವನು ಸತ್ತವರ ಜೊತೆ ಮಾತಾಡಲು ಹಾತೊರೆಯುತ್ತಾನೆ. ಟೆನ್ನಿಸನ್ ಒಂದು ರಾತ್ರಿ ಗೆಳೆಯನ ಹಳೆಯ ಪತ್ರಗಳನ್ನು ಓದುತ್ತ ಅವನನ್ನು ತಾಗಿದಂತೆ ಅನುಭವಿಸುತ್ತಾನೆ. ಕೃಷ್ಣನಿಗೆ ಮೊದಲು ಅಪರಿಚಿತನೊಬ್ಬನ ಪೆನ್ಸಿಲ್ ಮೂಲಕ ಸಂದೇಶ ಬರುತ್ತದೆ. ಆಮೇಲೆ ತಾನೇ, ಒಬ್ಬನೇ, ಕೂತು ಪ್ರಯತ್ನಿಸುತ್ತಾನೆ.

"ಮೊದಲ ಕರಡಲ್ಲಿ ಏನು ಬರೆದಿದ್ಲು ಗೊತ್ತಾ? ಕಾಲ ಎಲ್ಲ ನೋವನ್ನೂ ಮಾಯಿಸುತ್ತೆ, ಎರಡೂ ಕೃತಿ ಇದನ್ನೇ ಹೇಳ್ತವೆ ಅಂತ. ತಪ್ಪಲ್ಲ, ಆದ್ರೆ ಪುಸ್ತಕ ಓದದೇ ಇರೋರೂ ಬರೀಬಹುದಾದ ಮಾತು. ನಾನು ಒಂದೇ ಒಂದು ಸಲಹೆ ಕೊಟ್ಟೆ: 'ಕಾಲ ಅಂತೀಯಲ್ಲ, ಈ ಪುಸ್ತಕಗಳಲ್ಲಿ ಕಾಲವನ್ನ ಅಳೆಯೋದು ಹೇಗೆ ಅಂತ ನೋಡು.' ಎರಡು ವಾರ ಬಿಟ್ಟು ಇದು ಬಂತು."

ಅವಳು ಎರಡನೆಯ ಕರಡಿನ ಸಾರ ಹೇಳಿದಳು. 'ಇನ್ ಮೆಮೋರಿಯಮ್'ನಲ್ಲಿ 131 ಭಾಗಗಳಿವೆ. ಅವುಗಳ ನಡುವೆ ಮೂರು ಸಲ ಕ್ರಿಸ್ಮಸ್ ಬರುತ್ತದೆ, ದುಃಖ ಅದರ ಮೇಲೆ ಹೆಜ್ಜೆ ಇಡುತ್ತ ಹೋಗುತ್ತದೆ. ಪದ್ಯದ ಕಟ್ಟೋಣ ಮಾತ್ರ ಮುಂದೆ ಹೋಗಲು ಒಪ್ಪುವುದಿಲ್ಲ: ನಾಲ್ಕು ಸಾಲಿನ ಚರಣದಲ್ಲಿ ಮಧ್ಯದ ಎರಡು ಸಾಲು ಒಂದು ಪ್ರಾಸ, ಕೊನೆಯ ಸಾಲು ಮತ್ತೆ ಮೊದಲ ಸಾಲಿನ ಪ್ರಾಸಕ್ಕೆ ತಿರುಗುತ್ತದೆ. ಕಾಲ ಮುಂದಕ್ಕೆ, ಚರಣ ಹಿಂದಕ್ಕೆ. ಇತ್ತ ಮಾಲ್ಗುಡಿಯಲ್ಲಿ ಕೃಷ್ಣನ ಮೇಜಿನ ಮೇಲೆ ಒಂದು ಕೆಟ್ಟ ಅಲಾರಂ ಗಡಿಯಾರ. ಹೊತ್ತಲ್ಲದ ಹೊತ್ತಿನಲ್ಲಿ ಬಡಿದುಕೊಳ್ಳುವ ಅದರ ಬಾಯಿ ಮುಚ್ಚಿಸಲು ಕೃಷ್ಣ ಅದರ ಮೇಲೆ ಹೇರುವುದು ಟೇನ್ ಬರೆದ ಇಂಗ್ಲಿಷ್ ಸಾಹಿತ್ಯ ಚರಿತ್ರೆಯ ಸಂಪುಟವನ್ನು! ಸುಶೀಲ ಒಂದು ದಿನ ಮೇಜು ಚೊಕ್ಕ ಮಾಡಲು ಹೋಗಿ ಅದನ್ನು ಹಳೇ ಪೇಪರಿನವನಿಗೆ ಮಾರಿಬಿಡುತ್ತಾಳೆ. ಗಂಡ ಹೆಂಡತಿಗೆ ದೊಡ್ಡ ಜಗಳ. ಅವಳು ಸತ್ತ ಮೇಲೆ ಕಾದಂಬರಿಯಲ್ಲಿ ಕಾಲಕ್ಕೆ ಹಿಡಿತವೇ ಇರುವುದಿಲ್ಲ. ಕಾಲ ಮಾಯಿಸುವುದಿಲ್ಲ, ಕಾಲದ ಲೆಕ್ಕ ಬಿಟ್ಟವನಿಗೆ ಸುಶೀಲ ಸಿಗುತ್ತಾಳೆ. ಟೆನ್ನಿಸನ್ ಲೆಕ್ಕ ಇಟ್ಟೇ ಸಾಗುತ್ತಾನೆ ಎಂಬುದು ಹುಡುಗಿಯ ಹೊಸ ವಾದ.

ಮಾವ ತುಸು ಹೊತ್ತು ಏನೂ ಹೇಳಲಿಲ್ಲ. "ಆ ಗಡಿಯಾರದ ಪ್ಯಾರಾ ಎಷ್ಟು ವರ್ಷ ಪಾಠ ಮಾಡಿದೀನಿ. ನಗಿಸಿ ಮುಂದಕ್ಕೆ ಹೋಗ್ತಿದ್ದೆ."

"ಪರೀಕ್ಷೇಲಿ ಇದನ್ನ ಬರೆಯೋಕೆ ಆಗ್ತಿತ್ತಾ?"

"ಇಲ್ಲ ಅನ್ನಲ್ಲ. ಆದ್ರೆ ಪರೀಕ್ಷೆ ಆಗಿದ್ರೆ ಇದು ಅವಳದೇ ಅಂತ ನನಗೆ ಗ್ಯಾರಂಟಿ ಇರ್ತಿತ್ತು. ಈಗ ಕಂಪ್ಯೂಟರಿಗೆ ಹೇಳಿದ್ರೆ ಟೆನ್ನಿಸನ್ನು, ನಾರಾಯಣ್ಣು ಎರಡನ್ನೂ ಅರೆದು ಕೊಡುತ್ತಂತೆ."

ಅದು ಅವಳಿಗೂ ತಲೆನೋವು. ಪರೀಕ್ಷಾ ಮಂಡಳಿಗಳ ಒಕ್ಕೂಟವಾದ ಜೆಸಿಕ್ಯೂ 2023ರಲ್ಲಿ ಎಐ ಬಳಕೆಯ ಬಗ್ಗೆ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ಯಂತ್ರ ಬರೆದದ್ದನ್ನು ತನ್ನದೆಂದು ಒಪ್ಪಿಸಿದರೆ ಅದು ಅಕ್ರಮ. ಇದು ನನ್ನದೇ ಕೆಲಸ ಎಂದು ವಿದ್ಯಾರ್ಥಿ ಸಹಿ ಮಾಡಬೇಕು, ಹೌದು ಎಂದು ಮೇಷ್ಟರೂ ಸಹಿ ಮಾಡಬೇಕು. ಸಹಿಯಿಂದ ಏನೂ ಸಾಬೀತಾಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತು. ಅವಳ ಉಪಾಯ ಬೇರೆ. ಆರಿಸಿದ ವಿಷಯದ ಟಿಪ್ಪಣಿ, ಮೊದಲ ಕರಡು ಇವುಗಳನ್ನು ತರಗತಿಯಲ್ಲೇ ಕೈಬರಹದಲ್ಲಿ ಬರೆಸುತ್ತಾಳೆ. ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುತ್ತಾಳೆ: ಗಡಿಯಾರದ ವಿಷಯ ಹೇಳು. ಬರೆದವಳಾದರೆ ನಿಲ್ಲಿಸು ಎನ್ನುವವರೆಗೂ ಹೇಳುತ್ತಾಳೆ. ಬರೆಸಿದವನಾದರೆ ಕಿಟಕಿ ನೋಡುತ್ತಾನೆ.

"ಪರೀಕ್ಷೆ ಗ್ಯಾರಂಟಿ ಅಂತೀರಿ. 2020ರಲ್ಲಿ ಏನಾಯ್ತು? ಕೋವಿಡ್ ಬಂದು ಪರೀಕ್ಷೆ ನಿಂತಾಗ ಈ ದೇಶದ ಹತ್ತಿರ ಮಕ್ಕಳ ಬಗ್ಗೆ ಬೇರೇನಿತ್ತು? ನಾವು ಅಂದಾಜು ಮಾಡಿದ ಗ್ರೇಡು ಕಳಿಸಿದ್ವಿ. ಒಂದು ಸೂತ್ರ ಅದನ್ನ ಜರಡಿ ಹಿಡೀತು, ನೂರಕ್ಕೆ 39ರಷ್ಟು ಎ-ಲೆವೆಲ್ ಗ್ರೇಡುಗಳು ಕೆಳಗಿಳಿದವು. ಮಕ್ಕಳು ಬೀದಿಗಿಳಿದ್ರು. ನಾಲ್ಕೇ ದಿನಕ್ಕೆ, ಆಗಸ್ಟ್ 17ಕ್ಕೆ, ಸರ್ಕಾರ ಅದನ್ನ ವಾಪಸು ತಗೊಳ್ತು. ಕೈಯಲ್ಲಿ ಎರಡು ವರ್ಷದ ಕೋರ್ಸ್‌ವರ್ಕ್ ಇದ್ದಿದ್ರೆ..."

"ಇದ್ದಿದ್ರೂ ಇದೇ ಜಗಳ ಆಗ್ತಿತ್ತು. ಯಾರು ಬರೆದದ್ದು ಅಂತ."

ಅವಳು ಉತ್ತರಿಸಲಿಲ್ಲ. ಆ ಮಾತಿನಲ್ಲಿ ಮಾವ ಗೆದ್ದರು ಎಂದೇ ಬರೆದುಕೊಳ್ಳಬೇಕು. ಆದರೆ ಗೆದ್ದವರ ಕಣ್ಣು ಇನ್ನೂ ಕರಡಿನ ಮೇಲೇ ಇತ್ತು. ಮೂರು ಕ್ರಿಸ್ಮಸ್ಸಿನ ಪ್ಯಾರಾ ಇನ್ನೊಮ್ಮೆ ಓದು ಎಂದರು, ಅವಳು ಓದಿದಳು.

"ಮೂರನೇ ಕ್ರಿಸ್ಮಸ್ ಹೊಸ ಮನೇದು ಕಣೇ! ಟೆನ್ನಿಸನ್ನರ ಸಂಸಾರ 1837ರಲ್ಲಿ ಸೋಮರ್ಸ್‌ಬಿ ಬಿಟ್ಟಿತ್ತು. ಆ ಭಾಗದಲ್ಲಿ ಕೇಳಿಸೋದು ಪರಿಚಯವಿಲ್ಲದ ಊರಿನ ಗಂಟೆ. ಇವಳು ಹಬ್ಬ ಎಣಿಸಿದಾಳೆ, ಮನೆ ನೋಡೇ ಇಲ್ಲ. ಈ ಕಡೆ ಸುಶೀಲಗೆ ಕಾಯಿಲೆ ಹತ್ತಿದ್ದು ಯಾವಾಗ? ಹೊಸ ಮನೆ ನೋಡೋಕೆ ಹೋದಾಗ. ಮನೆಗೆ ಮನೆ ಸೇರಿತಲ್ಲ! ಹೇಳು ಅವಳಿಗೆ."

"ಹೇಳೋ ಹಾಗಿಲ್ಲ ಮಾವ."

"ಇಷ್ಟು ಒಳ್ಳೇ ಅಂಶ!"

"ಒಳ್ಳೇ ಅಂಶ ಅಂತಲೇ ಹೇಳೋ ಹಾಗಿಲ್ಲ. ಅದು ನಿಮ್ಮದು. ಅವಳ ಪಕ್ಕದಲ್ಲಿ ಕೂರೋ ಹುಡುಗನ ಮನೇಲಿ ನಿಮ್ಮಂಥ ಮಾವ ಒಬ್ಬರು ಇರಬಹುದು, ಅವನಿಗೆ ಹೇಳಿಕೊಟ್ಟಿರಬಹುದು. ಮನೆಗೆ ಕೊಟ್ಟ ಪ್ರಬಂಧದಲ್ಲಿ ಮನೆ ಕಾಣಿಸುತ್ತೆ ಅಂದ್ರಲ್ಲ, ಅದು ಹೀಗೇ ಕಾಣಿಸೋದು."

"ಹಾಗಾದ್ರೆ 'ಮೂರನೇ ಕ್ರಿಸ್ಮಸ್ ಇನ್ನೊಮ್ಮೆ ಓದು' ಅಂತ ಮಾತ್ರ ಅನ್ನು. ಅದು ಸಾಮಾನ್ಯ ಸಲಹೆ ತಾನೇ?"

"ಮೂರನೇದು ಅಂತ ಬೆರಳು ಮಾಡಿ ತೋರಿಸಿದ ಮೇಲೆ ಸಾಮಾನ್ಯ ಹೇಗಾಗುತ್ತೆ?"

"ಸರಿ. 'ಮೂರೂ ಕ್ರಿಸ್ಮಸ್ ಇನ್ನೊಮ್ಮೆ ಓದು.'"

ಅವಳು ಯೋಚಿಸಿದಳು. ಲ್ಯಾಪ್‌ಟಾಪಿನಲ್ಲಿ ನಿಯಮಾವಳಿ ತೆರೆದು ಸಲಹೆಯ ಕುರಿತಾದ ಭಾಗ ಹುಡುಕಿದಳು. ಮಾವ ಎದ್ದು ಬಂದು ಅವಳ ಹೆಗಲ ಮೇಲಿಂದ ತಾವೂ ಓದತೊಡಗಿದರು. "'ಕ್ರಿಸ್ಮಸ್ ಭಾಗಗಳನ್ನ' ಅಂತ ಹಾಕು," ಎಂದರು. "ಸಂಖ್ಯೆ ಬೇಡ."